ದೊಡ್ಡ ಗಣಿತಕ್ಕೆ ಜೋಡಿ

"ನಿನ್ನ ಬಾಯಾಗ ಇರೋದು ನಾಲಿಗಿನೋ ಚಪ್ಪಲಿ ತುಂಡೋ ಖುರ್ಷೀದ್? ವರ್ಷದ ಹಿಂದ ಇದೇ ಹೊಸ್ತಿಲ ಮ್ಯಾಲ ಕುಂತು ಏನಂದಿದ್ದಿ? ನಮ್ಮ ಲತೀಫಾ ನಿಮ್ಮ ಭಾಗಿ ಸಂಗಾಟ ಮ್ಯಾಟ್ರಿಕ್ ತನಕ ಹೋಗ್ತಾಳ ಅಂದಿದ್ದಿಲ್ಲ?"

"ಆಪಾ, ಜರಾ ಮೆಲ್ಲಕ. ಓಣಿ ಮಂದಿ ಕೇಳಾಕತ್ತಾರ."

"ಕೇಳಲಿ! ಕೇಳಲಿ ಅಂತೇ ಒದರಾಕತ್ತೇನಿ."

ನನ್ನ ಕೈಯಲ್ಲಿ ಗಣಿತದ ಪುಸ್ತಕವಿತ್ತು. ನಮ್ಮ ಎರಡು ಮನೆಯವರು ಸೇರಿ ಕೊಂಡ ಒಂದೇ ಪುಸ್ತಕ ಅದು. ಒಂದು ದಿನ ನನ್ನ ಮಗಳು ಭಾಗಮ್ಮನ ಹತ್ತಿರ, ಒಂದು ದಿನ ಅವರ ಮಗಳು ಲತೀಫಾನ ಹತ್ತಿರ ಇರುತ್ತಿತ್ತು. ಆ ಬೆಳಿಗ್ಗೆ ಖುರ್ಷೀದ್ ಬೇಗಂ ಅದನ್ನು ಗಂಡ ಹೊಲಿದು ಉಳಿದ ಅರಿವೆಯ ತುಂಡಿನಲ್ಲಿ ಸುತ್ತಿ, ಇನ್ನು ನಮಗೆ ಬೇಡ ಎಂದು ಕಳಿಸಿದ್ದಳು.

"ಅಂದಿದ್ದೆ ಆಪಾ. ಈಗ ಆಗಲ್ಲ."

"ಯಾಕ ಆಗಲ್ಲ? ನಿಕಾ ಮಾಡಾಕತ್ತೀರೇನು?"

"ಇಲ್ಲ."

"ಹುಡುಗಿಗಿ ಜಡ್ಡೇನು?"

"ಅಲ್ಲಾ ಮೆಹರ್‌ಬಾನಿ, ಅರಾಮ ಅದಾಳ."

"ಮತ್ತ? ಕೊಟ್ಟ ಮಾತು ಏನಾತು? ನಿಮ್ಮ ಮಂದಿ ವಾದಾ ಇಷ್ಟೇ ಏನು?"

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಖುರ್ಷೀದ್ ತಲೆ ಎತ್ತಿದಳು. ಕಣ್ಣು ಕೆಂಪಗಾಗಿದ್ದವು.

"ನಮ್ಮ ಮಂದಿ ವಾದಾ ಹ್ಯಾಂಗದ ಅಂತ ನಿಮ್ಮ ಮನ್ಯಾಗ ಹೋಗಿ ಕೇಳ್ರಿ" ಎಂದು ಬಾಗಿಲು ಹಾಕಿಕೊಂಡಳು. ಹದಿನಾರು ವರ್ಷದ ನೆರೆ. ನನ್ನ ಮುಖದ ಮೇಲೆ ಅವಳು ಬಾಗಿಲು ಹಾಕಿದ್ದು ಅದೇ ಮೊದಲು.

ಪಕ್ಕದ ಮನೆಯ ಮೀರಾಬಾಯಿ ಬೀಸುವ ಕಲ್ಲು ಬಿಟ್ಟು ಹೊರಗೆ ಬಂದಿದ್ದಳು. "ಅವರಲ್ಲಿ ಹಂಗೇ ಸಂಗಮ್ಮ. ಹುಡುಗಿ ಜರಾ ದೊಡ್ಡಾಕಿ ಆದ್ಲಂದ್ರ ಸಾಕು. ನಿನಗ್ಯಾಕ ತಿಳೀಲಿಲ್ಲ?" ಎಂದಳು. ನಿನ್ನ ಹಿಟ್ಟು ನೋಡಿಕೋ ಹೋಗು ಎಂದು ಅವಳಿಗೂ ಒದರಿದೆ.

ನಾನು ಸಿಟ್ಟಿನವಳು. ಬಸವಕಲ್ಯಾಣದ ಕಿಲ್ಲೆಯ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮುಡಬಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದೆ, ಅಲ್ಲಿಗೆ ಬಿಡಿಸಿದರು. ಹಾಗಾಗಿ ಗಣಿತದಲ್ಲಿ ಎರಡು ಇರುತ್ತವೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟವಳು ಭಾಗಿ. ಎಂಟನೆಯದು ಪಾಸಾಗಿ ಬಂದು ಒಲೆಯ ಮುಂದೆ ಕೂತು ಹೇಳಿದಳು.

"ಅವ್ವಾ, ಒಂಬತ್ತನೇದಕ್ಕ ಹೋಗೋ ಮುಂದ ಆರಿಸಬೇಕು. ಸಣ್ಣ ಗಣಿತ ಒಂದದ, ದೊಡ್ಡ ಗಣಿತ ಒಂದದ. ಸಣ್ಣದು ತಗೊಂಡ್ರ ಪರೀಕ್ಷಾ ಹಗುರ, ಮಾರ್ಕ್ಸ್ ಭಾಳ. ಆದ್ರ ಕಾಲೇಜಿನಾಗ ವಿಜ್ಞಾನದ ಬಾಗಲಾ ಮುಚ್ಚಿದಂಗೇ."

"ನೀ ಏನಾಗಬೇಕಂತೀ?"

"ಅದು ಗೊತ್ತಿಲ್ಲ. ಬಾಗಲಾ ಅಂತೂ ತೆರೆದಿರಲಿ."

ಆ ಮಾತು ನನಗೆ ಹಿಡಿಸಿತು. ತೊಂದರೆ ಏನೆಂದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಸಣ್ಣ ಗಣಿತ ಮತ್ತು ಹೊಲಿಗೆ ಅಷ್ಟೇ ಇದ್ದವು. ದೊಡ್ಡದು ಬೇಕೆಂದರೆ ಗಂಡುಮಕ್ಕಳ ಶಾಲೆಗೆ ಹೋಗಬೇಕು. ಅಲ್ಲಿನ ಹೆಡ್‌ಮಾಸ್ತರರು ನನ್ನನ್ನು ಕೂಡಿಸಿಕೊಂಡು, "ಒಬ್ಬಾಕೇ ಹುಡುಗಿನ್ನ ನಲವತ್ತು ಹುಡುಗರ ನಡುವ ಕೂಡಸಾಕ ನನ್ನಿಂದ ಆಗಲ್ಲ ತಾಯಿ. ನಾಳಿ ಏನಾರ ಆದ್ರ ನನ್ನ ತಲಿಗಿ ಬರ್ತದ. ಜೋಡಿ ತರ್ರಿ, ಇಬ್ಬರನ್ನೂ ತಗೋತೀನಿ" ಎಂದರು. ಎತ್ತು ಕೊಳ್ಳಲು ಬಂದವಳಿಗೆ ಹೇಳಿದ ಹಾಗೆ ಹೇಳಿದರು. ಆದರೂ ಬಾಯಿ ಮುಚ್ಚಿಕೊಂಡು ಎದ್ದು ಬಂದೆ.

ಹುಮನಾಬಾದಿನಲ್ಲಿದ್ದ ನನ್ನ ಅಣ್ಣ ಬಕ್ಕಪ್ಪ ಆಗಲೇ ಹೇಳಿದ್ದ: "ಇಲ್ಲಿಗಿ ಕಳಸು. ನಮ್ಮ ಶಾಲ್ಯಾಗ ಐದಾರು ಹುಡುಗ್ಯಾರು ಹುಡುಗರ ಸಂಗಾಟೇ ಕೂಡ್ತಾರ." ನಾನು ಒಪ್ಪಲಿಲ್ಲ. ನನ್ನ ಮಗಳು ತನ್ನ ಅಪ್ಪನ ಮನೆಯಲ್ಲಿ ಉಂಡು ಓದುತ್ತಾಳೆ, ಯಾರ ಹಂಗೂ ಬೇಡ ಎಂದೆ. ಆಗ ಹೊಳೆದವಳು ಲತೀಫಾ. ಅವಳು ಭಾಗಿಯ ತರಗತಿಯವಳೇ. ಲೆಕ್ಕದಲ್ಲಿ ಭಾಗಿಗಿಂತ ಒಂದು ಕೈ ಮೇಲು. ಅವಳ ಅಪ್ಪ ಅಬ್ದುಲ್ ರಜಾಕ್ ನಮ್ಮ ಅರಿವೆ ಅಂಗಡಿಯ ಕಟ್ಟೆಯ ಮೇಲೇ ಮಶೀನ್ ಇಟ್ಟುಕೊಂಡು ಹೊಲಿಯುತ್ತಿದ್ದ. ಅಂಗಡಿಯಲ್ಲಿ ಅರಿವೆ ಹರಿಸಿಕೊಂಡವರು ಅಲ್ಲೇ ಅವನ ಕೈಗೆ ಕೊಡುತ್ತಿದ್ದರು. ನಾನು ಖುರ್ಷೀದಳ ಹೊಸ್ತಿಲಲ್ಲಿ ಕೂತು ಕೇಳಿದೆ. ಅವಳು ಗಂಡನನ್ನು ಕೇಳಿ, ಇಬ್ಬರೂ ಮ್ಯಾಟ್ರಿಕ್ ಮುಗಿಸುವ ತನಕ ಜೋಡಿ ಬಿಡಿಸುವುದಿಲ್ಲ ಎಂದು ವಾದಾ ಕೊಟ್ಟಳು.

ನನ್ನ ಗಂಡ ವೈಜನಾಥ ಇದನ್ನೆಲ್ಲ ಕೇಳಿ "ಆಗಲಿ" ಎಂದ. ಅವನು ಯಾವುದಕ್ಕೂ ಆಗಲಿ ಎನ್ನುವವನು. ಅವನ ಬಾಯಿಂದ ಬೇಡ ಎನ್ನುವ ಮಾತು ನಾನು ಕೇಳಿಯೇ ಇರಲಿಲ್ಲ. ಎಂಥ ಗಂಡ ಸಿಕ್ಕಿದ್ದಾನೆ ಎಂದು ತವರಿನಲ್ಲಿ ಹೇಳಿಕೊಂಡು ತಿರುಗಿದ್ದೆ.

ಒಂಬತ್ತನೆಯದು ಹಾಗೆ ಕಳೆಯಿತು. ಇಬ್ಬರೂ ಜೊತೆಯಲ್ಲಿ ಹೋದರು, ಜೊತೆಯಲ್ಲಿ ಬಂದರು. ಮೊದಲು ಹುಡುಗರು ಬೆಂಚಿನ ಮೇಲೆ, ಬೋರ್ಡಿಗೆ ಬರೆಯುವ ಖಡುವಿನ ಪುಡಿ ಚೆಲ್ಲಿದರಂತೆ. ಲತೀಫಾ ದುಪಟ್ಟಾದಿಂದ ಒರೆಸಿ, "ಬೀಜಗಣಿತಕ್ಕ ಅಂಜಲಿಲ್ಲ, ಖಡುವಿಗಿ ಅಂಜತೀವೇನು?" ಎಂದಳಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಶಾಲೆಯ ಬೋರ್ಡಿನ ಮೇಲೆ ಮೈಸೂರು ಅಳಿಸಿ ಕರ್ನಾಟಕ ಎಂದು ಬರೆದದ್ದು ಅದೇ ವರ್ಷ. ಇಬ್ಬರೂ ಪಾಸಾದರು. ಜೂನಿನಲ್ಲಿ ಮಿರಗದ ಮಳೆ ಬಿತ್ತು, ಹತ್ತನೆಯದು ಶುರುವಾಯಿತು, ಅದೇ ವಾರ ಪುಸ್ತಕ ವಾಪಸು ಬಂತು.

ಖುರ್ಷೀದಳ ಮನೆಯಿಂದ ನಾನು ನೆಟ್ಟಗೆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಮುಖ ಎತ್ತಲಿಲ್ಲ. "ಜೋಡಿ ಇಲ್ಲಂದ್ರ ಇಲ್ಲ ತಾಯಿ. ಟಿ.ಸಿ. ಒಯ್ದು ಹೆಣ್ಮಕ್ಕಳ ಶಾಲಿಗಿ ಹಾಕ್ರಿ. ಸಣ್ಣ ಗಣಿತದಾಗ ಫಸ್ಟ್ ಕ್ಲಾಸ್ ಬರ್ತಾಳ, ಬರಕೊಡ್ತೀನಿ."

"ಆ ಫಸ್ಟ್ ಕ್ಲಾಸ್ ತೋರ್ಸಿದ್ರ ವಿಜ್ಞಾನಕ್ಕ ತಗೋತಾರೇನ್ರಿ?"

"ಇಲ್ಲ. ಆರ್ಟ್ಸ್ ಅದ ಅಲ್ರಿ."

"ನಿಮ್ಮ ಮಗನಿಗಿ ಏನ್ ಕೊಡ್ಸೀರಿ?"

ಅವರು ಹಾಜರಿ ಪುಸ್ತಕ ತೆರೆದರು. ಉತ್ತರಕ್ಕೆ ಕಾಯದೆ ನಾನು ಹೊರಗೆ ಬಂದೆ.

ಮಧ್ಯಾಹ್ನ ವೈಜನಾಥ ಊಟಕ್ಕೆ ಬಂದ. ರೊಟ್ಟಿ ತಟ್ಟುತ್ತಲೇ ಖುರ್ಷೀದಳನ್ನು ಬೈದೆ, ಅವಳ ಗಂಡನನ್ನು ಬೈದೆ. ಅವನು ಪುಂಡಿಪಲ್ಯ ಹಚ್ಚಿಕೊಂಡು ನಿಧಾನಕ್ಕೆ ಉಂಡ.

"ಹೋಗಲಿ ಬಿಡು. ಅವರಲ್ಲಿ ಹಂಗೇ. ಅವರ ಮಗಳು, ಅವರ ಮರ್ಜಿ" ಎಂದ. "ಮಾಸ್ತರರು ನಾಳಿ ಟಿ.ಸಿ. ಕೊಡ್ತಾರ, ಈ ಕಡಿ ಶಾಲಿಗಿ ಹಾಕಿದ್ರಾತು."

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಶಾಲೆಗೆ ಹೋಗಿದ್ದೆ ಎಂದು ನಾನು ಅವನಿಗೆ ಹೇಳಿರಲಿಲ್ಲ. ಟಿ.ಸಿ. ಎನ್ನುವ ಮಾತು ನನ್ನ ಬಾಯಿಂದ ಬಂದೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಹೋಗಿ ಕೇಳಿ ಎಂದು ಖುರ್ಷೀದ್ ಅಂದದ್ದು ಬೈಗುಳ ಅಲ್ಲ, ನೆಟ್ಟಗಿನ ಮಾತು ಎಂದು ಆಗ ತಿಳಿಯಿತು.

ಅವನು ಕೈ ತೊಳೆದು ಅಡ್ಡಾದ. ನಾನು ಸೆರಗು ಹೊದ್ದುಕೊಂಡು ಅಂಗಡಿಗೆ ಹೋದೆ. ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ರಜಾಕ್ ಒಬ್ಬನೇ ಧೋತರದ ಅಂಚು ಹೊಲಿಯುತ್ತಿದ್ದ. ನನ್ನನ್ನು ಕಂಡು ಕಾಲು ನಿಲ್ಲಿಸಿದ.

"ರಜಾಕ್ ಭಾಯ್, ಲತೀಫಾನ್ನ ಬಿಡಿಸಿದ್ದು ನೀನೇನು?"

"ನಾನೇ ಬಾಯಿ."

"ಬಿಡಸು ಅಂದವರು ಯಾರು?"

ಅವನು ಕತ್ತರಿಯನ್ನು ಆ ಕಡೆಯಿಂದ ಈ ಕಡೆ ಇಟ್ಟ.

"ಬೇಸಗ್ಯಾಗ ಸಾವ್ಕಾರ್ರು, ನಿಮ್ಮ ಮನಿಯವರು, ಇಲ್ಲೇ ನನ್ನ ಬಾಜೂಕ ಬಂದು ಕುಂತ್ರು. 'ನಿನ್ನ ಮಗಳನ್ನ ನಿಲ್ಲಸು ರಜಾಕ್. ಅಕಿ ನಿಂತ್ರ ನಮ್ಮಾಕಿ ತಾನೇ ನಿಲ್ತಾಳ. ಮನ್ಯಾಗ ನಾ ಏನೂ ಅನ್ನಬೇಕಾಗಲ್ಲ' ಅಂದ್ರು. ಕೈ ಮುಗದ್ರು ಬಾಯಿ. ನನಗ ಕೈ ಮುಗದ್ರು."

"ಒಲ್ಲೆ ಅನ್ನಬೇಕಿತ್ತು."

ಅವನು ಮಶೀನಿನ ಹಲಗೆಯ ಮೇಲೆ ಅಂಗೈ ಇಟ್ಟ. "ಇದು ಯಾರ ಕಟ್ಟಿ ಮ್ಯಾಲ ಅದ?"

"ಕಟ್ಟಿ ಖಾಲಿ ಮಾಡು ಅಂದ್ರೇನು?"

"ಇಲ್ಲ. ಅನ್ನೋ ಜರೂರತ್ ಇದ್ದಿದ್ದಿಲ್ಲ." ಸೂಜಿಗೆ ದಾರ ಪೋಣಿಸುತ್ತ ಹೇಳಿದ, "ಲತೀಫಾ ಮೂರು ದಿನ ಆತು, ನನ್ನ ಸಂಗಾಟ ಮಾತಾಡವಲ್ಲಳು."

ಅಷ್ಟರಲ್ಲಿ ವೈಜನಾಥ ಬೀಗದ ಕೈ ಹಿಡಿದು ಬಂದ. ಅವನ ಹಿಂದೆ ಕೊಹಿನೂರ ಹಳ್ಳಿಯ ಗಿರಾಕಿಗಳು ಇಬ್ಬರು. ಅವನು ನನ್ನ ಮುಖ ನೋಡಿದ, ರಜಾಕನ ಮುಖ ನೋಡಿದ. ಬೀಗ ತೆಗೆದು, ಗಾದಿಯ ಮೇಲೆ ಕೂತು, ಗಿರಾಕಿಗಳಿಗೆ "ಬರ್ರಿ, ಕುಂಡ್ರಿ" ಎಂದ.

"ಯಾಕ ಮಾಡಿದ್ರಿ?" ಎಂದೆ.

"ಮನಿಗಿ ನಡಿ. ಆಮ್ಯಾಲ ಮಾತಾಡೋಣು."

"ಇಲ್ಲೇ ಮಾತಾಡ್ರಿ. ರಜಾಕ್ ಸಂಗಾಟ ಇಲ್ಲೇ ಮಾತಾಡೀರಿ ಅಲ್ಲ?"

ಅವನು ಅರಿವೆಯ ಒಂದು ಥಾನು ಬಿಚ್ಚಿದ, ಮತ್ತೆ ಸುತ್ತಿದ. "ಭಾಗಿನ್ನ ಅವರ ಮನಿಗಿ ಕೊಡ್ತೀನಂತ ಧೂಳಮ್ಮಗ ಮಾತು ಕೊಟ್ಟೀನಿ" ಎಂದ.

ಧೂಳಮ್ಮ ಅವನ ಅಕ್ಕ, ಹಳ್ಳಿಖೇಡದವಳು. ಅವಳ ಮಗ ಬಸವಣಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುತ್ತಿದ್ದ. ಮ್ಯಾಟ್ರಿಕ್ ಎರಡು ಸಲ ನಪಾಸು.

"ಯಾವಾಗ ಕೊಟ್ರಿ?"

"ಹೋದ ದೀಪಾವಳಿಗಿ. ಹುಡುಗಿ ದೊಡ್ಡ ಗಣಿತ ಓದಿ ಕಾಲೇಜಿಗಿ ಹೋದ್ರ ನನ್ನ ಮಗನ್ನ ಲೆಕ್ಕಕ್ಕ ಹಿಡಿತಾಳೇನು ಅಂದ್ಲು ಅಕ್ಕ. ಹೌದಲ್ಲ ಅನಿಸ್ತು."

ದೀಪಾವಳಿ. ಅಲ್ಲಿಂದ ಬೇಸಗೆಯ ತನಕ ಭಾಗಿ ಕಂದೀಲಿನ ಬುಡದಲ್ಲಿ ಕೂತು ಲೆಕ್ಕ ಮಾಡುವುದನ್ನು ಇವನು ದಿನಾ ನೋಡಿದ್ದಾನೆ. ಎಣ್ಣೆ ತೀರಿದಾಗ ತಾನೇ ಹಾಕಿದ್ದಾನೆ. ಪಾಸಾದ ದಿನ ಪೇಢೆ ತಂದು ತನ್ನ ಕೈಯಿಂದ ಅವಳ ಬಾಯಲ್ಲಿ ಇಟ್ಟಿದ್ದಾನೆ.

"ನನ್ನ ಮುಂದ ಯಾಕ ಅನ್ನಲಿಲ್ಲ?"

"ಅಂದ್ರ ನೀ ಬಿಡ್ತಿದ್ದೇನು?"

"ಬಿಡ್ತಿದ್ದಿಲ್ಲ."

"ಅದಕ್ಕ" ಎಂದ.

ಗಿರಾಕಿಗಳಲ್ಲಿ ಒಬ್ಬ ಎದ್ದು, "ನಾವು ಆಮ್ಯಾಲ ಬರ್ತೀವಿ ಸಾವ್ಕಾರ್ರ" ಎಂದು ಚಪ್ಪಲಿ ಹುಡುಕಿದ. "ಕುಂಡ್ರೋ ಅಪ್ಪಾ, ನೀನೂ ಕೇಳು" ಎಂದೆ. ಅವನು ಕೂತ.

"ಈಗ ಅನ್ರಿ" ಎಂದೆ ಗಂಡನಿಗೆ. "ಭಾಗಿಗಿ ದೊಡ್ಡ ಗಣಿತ ಬ್ಯಾಡ ಅಂತ ನನ್ನ ಮುಖ ನೋಡಿ ಅನ್ರಿ. ಒದರ್ತೀನಿ, ಜಗಳಾಡ್ತೀನಿ, ಆದ್ರ ನಿಂತು ಕೇಳ್ತೀನಿ. ಬ್ಯಾರೆಯವರ ಮಗಳನ್ನ ಅಡ್ಡ ಹಾಕಿ, ತಪ್ಪು ಅವರ ಮಂದಿ ಮ್ಯಾಲ ಹಾಕಿ ಕುಂತೀರಿ ಅಲ್ಲ? ನೀವೇ ಅನ್ರಿ."

ಅವನು ಗಜದ ಕೋಲು ತೆಗೆದುಕೊಂಡು ಅರಿವೆ ಅಳೆಯತೊಡಗಿದ. ಯಾರೂ ಅರಿವೆ ಕೇಳಿರಲಿಲ್ಲ.

ನಾನು ಮನೆಗೆ ಬಂದೆ. ತಗಡಿನ ಟ್ರಂಕು ಇಳಿಸಿ, ಭಾಗಿಯ ಬಟ್ಟೆ, ನನ್ನ ಎರಡು ಸೀರೆ, ಅವಳ ಪುಸ್ತಕ ಹಾಕಿದೆ. ಭಾಗಿಗೆ ಎಲ್ಲ ಹೇಳಿದೆ, ಒಂದು ಮಾತೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ. ಗಣಿತದ ಪುಸ್ತಕ ಎತ್ತಿಕೊಂಡು, "ಲತೀಫಾ?" ಎಂದಳು.

ಇಬ್ಬರೂ ಖುರ್ಷೀದಳ ಬಾಗಿಲು ಬಡಿದೆವು. ಅವಳು ತೆರೆದಳು. ಬೆಳಗಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ನಾ ಹುಮನಾಬಾದಿಗಿ ಹೊಂಟೀನಿ. ಲತೀಫಾನ್ನ ಕಳಸು" ಎಂದೆ. "ನನ್ನ ಅಣ್ಣನ ಮನ್ಯಾಗ ಇಬ್ಬರಿಗೂ ಜಾಗ ಅದ. ನನ್ನ ಮಗಳು ಉಂಡದ್ದು ನಿನ್ನ ಮಗಳು ಉಣ್ತಾಳ."

ಖುರ್ಷೀದ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮಶೀನ್ ಎಲ್ಲಿ ಇಡಲಿ ಆಪಾ?" ಎಂದಳು.

ಅವರ ಮಶೀನಿಗೆ ಕೊಡಲು ನನ್ನ ಹತ್ತಿರ ಬೇರೆ ಕಟ್ಟೆ ಇರಲಿಲ್ಲ. ಲತೀಫಾ ಬಾಗಿಲ ಹಿಂದೆ ನಿಂತಿದ್ದಳು. ಭಾಗಿ ಪುಸ್ತಕ ಮುಂದೆ ಹಿಡಿದು, "ಇವತ್ತು ನಿನ್ನ ಪಾಳಿ" ಎಂದಳು.

"ನೀನೇ ಒಯ್ಯಿ" ಎಂದಳು ಲತೀಫಾ. "ಹೆಣ್ಮಕ್ಕಳ ಶಾಲ್ಯಾಗ ಸಣ್ಣದಕ್ಕ ಬ್ಯಾರೆ ಪುಸ್ತಕ ಇರ್ತದ."

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ. ಬೇರೆ ದಾರಿ ಇತ್ತು, ನಾನು ಹಿಡಿಯಲಿಲ್ಲ. ಟ್ರಂಕು ನನ್ನ ತಲೆಯ ಮೇಲಿತ್ತು, ಭಾಗಿಯ ಎದೆಗೆ ಪುಸ್ತಕ. ರಜಾಕನ ಮಶೀನ್ ನಿಂತಿತು. ವೈಜನಾಥ ಗಾದಿಯಿಂದ ಎದ್ದು ಕಟ್ಟೆಯ ಅಂಚಿಗೆ ಬಂದ. ನಾನು ನಿಂತೆ. ಬೇಡ ಎನ್ನಲಿ ಎಂದೇ ನಿಂತೆ. ಹೋಗಬೇಡ ಎಂದಾದರೂ ಅನ್ನಲಿ.

ಅವನು ಟ್ರಂಕು ನೋಡಿದ, ಮಗಳನ್ನು ನೋಡಿದ.

"ಸಂಜಿಗಿ ಬರ್ತೀರಿ ಅಲ್ಲ?" ಎಂದ.

ನಾನು ಮಗಳ ಕೈ ಹಿಡಿದು ನಡೆದೆ. ಹುಮನಾಬಾದಿನ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಆ ಸಂಜೆ ನಾನು ತಿರುಗಿ ಹೋಗಲಿಲ್ಲ. ಆಮೇಲಿನ ಯಾವ ಸಂಜೆಯೂ ಹೋಗಲಿಲ್ಲ.