ತಾತನ ಸೀಸದ ಮೀನು

ಕೆರೆಯ ತಳದಲ್ಲಿ ಒಂದು ಮರ ಮಲಗಿತ್ತು. ಯಾವ ಕಾಲದಲ್ಲಿ ಬಿದ್ದದ್ದೋ ಯಾರಿಗೂ ಗೊತ್ತಿಲ್ಲ. ಮೀನು ಹಿಡಿಯಲು ಬಂದವರ ಗಾಳಗಳನ್ನೆಲ್ಲ ಅದು ಒಂದೊಂದಾಗಿ ನುಂಗುತ್ತಿತ್ತು. ಎಳೆದರೆ ದಾರ ಬರುತ್ತಿತ್ತು, ಗಾಳ ಬರುತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ತಾತ ರಜೆಯ ದಿನ ದಡದಲ್ಲಿ ಕೂತು ಆ ಮರವನ್ನೇ ನೆನೆಯುತ್ತಿದ್ದ. ಅದರ ಕೊಂಬೆಕೊಂಬೆಯಲ್ಲೂ ತನ್ನ ಗಾಳಗಳು ಹಣ್ಣಿನ ಹಾಗೆ ಜೋತುಬಿದ್ದಿರಬೇಕು, ಮೀನುಗಳು ಅದರ ನೆರಳಲ್ಲಿ ತಣ್ಣಗೆ ಓಡಾಡುತ್ತಿರಬೇಕು ಅನ್ನಿಸುತ್ತಿತ್ತು.

ತಾತ ಬಳಸುತ್ತಿದ್ದದ್ದು ಸೀಸದ ಗಾಳ. ಕೊಕ್ಕೆಯ ಕತ್ತಿಗೆ ಸೀಸದ ಪುಟ್ಟ ತಲೆ ಎರಕ ಹೊಯ್ದಿರುತ್ತಾರೆ. ಆ ಭಾರಕ್ಕೆ ಅದು ತಳ ಸೇರುತ್ತದೆ. ದಾರ ಜಗ್ಗಿದರೆ ಮರಿಮೀನಿನ ಹಾಗೆ ಕುಪ್ಪಳಿಸುತ್ತದೆ.

"ಅಂಗಡಿಯಿಂದ ತಂದು ತಂದು ಮರಕ್ಕೆ ಉಡುಗೊರೆ ಕೊಡೋ ಬದಲು ನಾನೇ ಮಾಡ್ಕೊಳ್ತೀನಿ ಕಣೇ" ಅಂದ ಒಂದು ದಿನ ಅಜ್ಜಿಯ ಹತ್ತಿರ.

"ಮಾಡ್ಕೊಳ್ಳಿ. ಸತ್ತ ಗಡಿಯಾರಕ್ಕೇ ಜೀವ ಕೊಡೋರು, ಮೀನು ಯಾವ ಲೆಕ್ಕ?" ಅಂದಳು ಅಜ್ಜಿ. "ನನ್ನ ಅಡುಗೆಮನೆ ಒಂದನ್ನ ಬಿಟ್ಟುಬಿಡಿ."

ತಾತ ಗುಜರಿ ಅಂಗಡಿಯಿಂದ ಹಳೆಯ ಸೀಸದ ಕೊಳವೆಯ ತುಂಡು ತಂದ. ಪೇಟೆಯಿಂದ ಅಲ್ಯೂಮಿನಿಯಂ ಅಚ್ಚು ತಂದ. ಅಡುಗೆಮನೆಯನ್ನು ಮಾತ್ರ ಬಿಡಲಿಲ್ಲ. ಒಲೆ ಇರುವುದು ಅಲ್ಲೇ ತಾನೆ? ಅಜ್ಜಿ ಮಧ್ಯಾಹ್ನ ಕಣ್ಣುಮುಚ್ಚಿದ ಹೊತ್ತು ನೋಡಿ, ಹಾಲಿನ ಪಾತ್ರೆಯಲ್ಲಿ ಸೀಸ ಇಟ್ಟ.

ಸೀಸ ಕರಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೂದು ಬಣ್ಣದ ತುಂಡು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ಮೆಲ್ಲಗೆ ಒರಗಿತು. ಆಮೇಲೆ ಕನ್ನಡಿಯಾಯಿತು. ಕಿಟಕಿಯ ಬೆಳಕು ಅದರೊಳಗೆ ತೇಲಿತು. ಮೇಲೆ ನೀಲಿ, ಹೊಂಬಣ್ಣದ ತೆಳು ಕೆನೆ ಕಟ್ಟಿತು. ತಾತ ಅಚ್ಚಿಗೆ ಹೊಯ್ದ. ಅಚ್ಚು ಬಿಚ್ಚಿದಾಗ ಒಳಗೆ ಪುಟ್ಟ ಮೀನುಗಳು, ಆಗಷ್ಟೇ ಹುಟ್ಟಿದವು, ಮಿನುಗುತ್ತ ಮಲಗಿದ್ದವು.

ಅವುಗಳ ಅಂಚನ್ನು ತಾತ ಕಿಟಕಿಯ ಬಳಿ ಕೂತು ಗಡಿಯಾರದ ಅರದಿಂದ ಉಜ್ಜಿದ. ಗಡಿಯಾರದವರಿಗೆ ಒಂದು ಅಭ್ಯಾಸ. ಚಕ್ರದ ಮೇಲೆ ಧೂಳು ಕಂಡರೆ ಸಾಕು, ಬಾಯಿ ತಾನಾಗಿ ಫೂ ಎನ್ನುತ್ತದೆ. ತಾತ ಉಜ್ಜುತ್ತಿದ್ದ, ಊದುತ್ತಿದ್ದ. ಸೀಸದ ಪುಡಿ ಬಿಸಿಲುಕೋಲಿನಲ್ಲಿ ಹೊಳೆಯುತ್ತ ಏರಿ, ತೇಲಿ, ನಿಧಾನವಾಗಿ ನೆಲಕ್ಕಿಳಿಯುತ್ತಿತ್ತು. ನೆಲದಲ್ಲಿ ಮೊಮ್ಮಗಳು ಅಂಬೆಗಾಲಿಡುತ್ತಿದ್ದಳು. ಮನೆಯವರೆಲ್ಲ ಅವಳನ್ನು ಗುಬ್ಬಿ ಅನ್ನುತ್ತಿದ್ದರು. ತಾತನ ಮಗಳು ಅವಳನ್ನು ಇವರ ಬಳಿ ಬಿಟ್ಟು ಮುದ್ರಣಾಲಯದ ಕೆಲಸಕ್ಕೆ ಹೋಗುತ್ತಿದ್ದಳು. ಗುಬ್ಬಿ ಆ ಹೊಳಪನ್ನು ಹಿಡಿಯಲು ಕೈ ಚಾಚುವಳು, ಸಿಗದಿದ್ದರೆ ನೆಲ ಬಡಿಯುವಳು, ಆ ಕೈಯನ್ನೇ ಬಾಯಿಗಿಟ್ಟುಕೊಳ್ಳುವಳು. ತಾತ ನಗುತ್ತಿದ್ದ. ಹೀಗೇ ವಾರಗಳು ಕಳೆದವು.

ಒಂದು ಮಧ್ಯಾಹ್ನ ಲಸಿಕೆ ಹಾಕಲು ಆರೋಗ್ಯ ಕೇಂದ್ರದ ನರ್ಸಕ್ಕ ಬಂದಳು. ಮಗುವಿನ ಕೈ ಹಿಡಿದವಳು ಬಿಡಲೇ ಇಲ್ಲ.

"ಇದೇನಜ್ಜಿ, ಅಂಗೈಗೆ ಪೆನ್ಸಿಲ್ ಬಳಿದ ಹಾಗಿದೆ?"

"ಅದಾ? ಅವಳ ತಾತ ಮೀನು ಹೆರ್ತಾ ಇದ್ದಾರೆ" ಅಂದಳು ಅಜ್ಜಿ.

ನರ್ಸಕ್ಕ ಮೇಜಿನ ಮೇಲಿದ್ದ ಗಾಳ ನೋಡಿದಳು, ಅರ ನೋಡಿದಳು, ನೆಲ ನೋಡಿದಳು. "ತಾತ, ಇದು ಸೀಸ. ಮೈಗೆ ಸೇರಿದ್ರೆ ವಿಷ."

"ಹೊಗೆ ಇಲ್ಲ, ವಾಸನೆ ಇಲ್ಲ, ಎಂಥ ವಿಷ ತಾಯಿ?" ಅಂದ ತಾತ. "ನಮ್ಮ ಹಿರಿಯರು ಸೀಸದ ಗುಂಡನ್ನ ಹಲ್ಲಲ್ಲೇ ಕಚ್ಚಿ ದಾರಕ್ಕೆ ಕೂರಿಸ್ತಿದ್ರು. ಯಾರಿಗೇನಾಯ್ತು?"

"ಯಾರಾದ್ರೂ ರಕ್ತ ಪರೀಕ್ಷೆ ಮಾಡಿಸಿದ್ರಾ?"

ತಾತ ಮೇಜಿನ ಮೇಲಿದ್ದ ಗಾಳಗಳನ್ನು ಒಂದು ಕಡೆಗೆ ಸರಿಸಿದ.

"ಸೀಸ ಕಳ್ಳ ಬೆಕ್ಕಿನ ಹಾಗೆ, ತಾತ. ಸದ್ದಿಲ್ಲದೆ ಒಳಗೆ ಬಂದು ಕೂರುತ್ತೆ. ಜ್ವರ ಇಲ್ಲ, ಕೆಮ್ಮಿಲ್ಲ. ಮಗುವಿನ ಮಿದುಳು ಇನ್ನೂ ಬೆಳೀತಾ ಇರುತ್ತೆ ನೋಡಿ, ಅದಕ್ಕೇ ಪೆಟ್ಟು. ಮಾತು ತಡ ಆಗಬಹುದು, ಓದು ತಲೆಗೆ ಹತ್ತದೆ ಹೋಗಬಹುದು. ಇಷ್ಟಾದ್ರೆ ಪರವಾಗಿಲ್ಲ ಅನ್ನೋ ಅಳತೆ ಮಕ್ಕಳಿಗೆ ಇಲ್ಲ. ಬಸುರಿ ಹೆಂಗಸರಿಗೂ ಅಷ್ಟೇ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಪ್ಪ" ಎಂದು ತಾತ ನಗಲು ನೋಡಿದ.

"ಕೆಸರಾದ್ರೆ ಸರಿ. ಸೀಸ ಆದ್ರೆ ಬಾಯಿಗೂ ಸೀಸಾನೇ. ಯಾವುದರಲ್ಲಿ ಕರಗಿಸಿದ್ರಿ?"

"ಹಾಲಿನ ಪಾತ್ರೇಲಿ" ಅಂದ ತಾತ, ದನಿ ಇಳಿಸಿ. "ತಿಕ್ಕಿ ತೊಳೆದಿಟ್ಟೆ."

ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಆಹಾ, ತೊಳೆದಿಟ್ಟರಂತೆ. ಈ ಮನೆಗೆ ಬಂದಾಗಿನಿಂದ ಒಂದು ಲೋಟ ತೊಳೆಯದೋರು ಅವತ್ತು ಪಾತ್ರೆ ತೊಳೆದಾಗಲೇ ನನಗೆ ಗುಮಾನಿ ಬರಬೇಕಿತ್ತು."

ಯಾರೂ ನಗಲಿಲ್ಲ. ಗುಬ್ಬಿ ಅದೇ ಪಾತ್ರೆಯ ಹಾಲು ಕುಡಿದಿದ್ದಳು.

ಮಗಳಿಗೆ ತಾತನೇ ಹೇಳಿದ. ಅವಳು ಕೂಗಾಡಲಿಲ್ಲ. "ನಿನ್ನ ಹತ್ತಿರ ಬಿಟ್ಟರೆ ನನ್ನ ಕಣ್ಣ ಮುಂದೆ ಇದ್ದ ಹಾಗೆ ಅಂದ್ಕೊಂಡಿದ್ದೆ ಅಪ್ಪ" ಅಂದಳು, ಅಷ್ಟೇ. ಬೈದಿದ್ದರೆ ತಾತನಿಗೆ ಹಗುರವಾಗುತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಗುಬ್ಬಿಯ ರಕ್ತ ತೆಗೆದರು. ಫಲಿತಾಂಶ ಬರುವವರೆಗೆ ತಾತನ ನಿದ್ದೆಯಲ್ಲೆಲ್ಲ ಆ ಪುಡಿಯೇ. ಹೂವಿನ ಪರಾಗದ ಹಾಗೆ ಮೆತ್ತಗೆ ಉದುರುತ್ತಿತ್ತು, ತೊಟ್ಟಿಲ ಮೇಲೆ, ಮಗುವಿನ ರೆಪ್ಪೆಯ ಮೇಲೆ. ಒರೆಸಲು ಹೋದರೆ ಕೈಯೆಲ್ಲ ಬೂದು.

"ಸೀಸ ಸೇರಿದೆ" ಅಂದರು ಡಾಕ್ಟರು. "ಔಷಧಿ ಬೇಕಾಗುವಷ್ಟಿಲ್ಲ. ಅದು ಬರೋ ದಾರಿ ಮುಚ್ಚಿ, ಹೊಟ್ಟೆ ತುಂಬ ಒಳ್ಳೆ ಊಟ ಕೊಡಿ. ಮತ್ತೆ ಪರೀಕ್ಷೆ ಮಾಡೋಣ."

ನರ್ಸಕ್ಕ ಮನೆಗೆ ಬಂದು ನಿಂತು ದಾರಿ ಮುಚ್ಚಿಸಿದಳು. ಅಜ್ಜಿ ಪೊರಕೆ ಎತ್ತಿಕೊಂಡರೆ ತಡೆದಳು. "ಗುಡಿಸಿದ್ರೆ ಪುಡಿ ಮತ್ತೆ ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೇನ ಚೀಲದಲ್ಲಿ ಕಟ್ಟಿ." ಹಾಲಿನ ಪಾತ್ರೆ ಅಡುಗೆಮನೆಯಿಂದ ಶಾಶ್ವತವಾಗಿ ಹೊರಬಿತ್ತು.

"ಇನ್ನು ಗಾಳದ ಸಹವಾಸವೇ ಬೇಡ" ಅಂದ ತಾತ.

"ಗಾಳ ಯಾಕೆ ಬಿಡ್ತೀರಿ? ಅಡುಗೆಮನೆ ಬಿಡಿ" ಅಂದಳು ನರ್ಸಕ್ಕ. "ನಮ್ಮಪ್ಪ ಬಲೆಗೆ ಸೀಸದ ಗುಂಡು ಹೊಯ್ಯೋರು. ಸೀಸ ಬೆರೆಯದ ತವರ ಸಿಗುತ್ತೆ, ಅದಾದ್ರೆ ಇನ್ನೂ ಒಳ್ಳೇದು. ಸೀಸಾನೇ ಬೇಕು ಅಂದ್ರೆ ಅದಕ್ಕೊಂದು ಕ್ರಮ ಇದೆ."

ಮುಂದಿನ ರಜೆಯ ದಿನ ಕೆರೆಯ ದಡದಲ್ಲಿ, ಗೋಡೆಯಿಲ್ಲದ ದೋಣಿ ಚಪ್ಪರದಡಿ, ಅಡುಗೆಗೆ ಬಳಸದ ಬೇರೆ ಒಲೆ, ಕಬ್ಬಿಣದ ಬಾಣಲೆ ಇಟ್ಟುಕೊಂಡು ತಾತ ಹೊಸದಾಗಿ ಶುರುಮಾಡಿದ. ಗಾಳಿ ಬೆನ್ನಿಗೆ ಬರುವ ಹಾಗೆ ನಿಲ್ಲಿಸಿದಳು ನರ್ಸಕ್ಕ. ಕಾಲು ಮುಚ್ಚುವ ಬೂಟು, ತುಂಬುತೋಳಿನ ದಪ್ಪ ಬಟ್ಟೆ, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ.

"ಮೂಗಿಗೆ ಕರವಸ್ತ್ರ ಸಾಕಲ್ವಾ ತಾಯಿ?"

"ಸಾಲದು. ಲೋಹದ ಪುಡಿ, ಹೊಗೆ ತಡೆಯೋ ಮಾಸ್ಕೇ ಬೇಕು. ಅಚ್ಚು ಒಣಗಿದೆಯಾ ನೋಡಿ. ಒಂದು ಹನಿ ನೀರಿದ್ರೂ ಕಾದ ಸೀಸ ಸಿಡಿದು ಮುಖಕ್ಕೆ ಬರುತ್ತೆ. ಕರಗಿದ ಮೇಲೆ ಉರಿ ತಗ್ಗಿಸಿ, ಕೆಂಪಗೆ ಕಾಯಿಸಬೇಡಿ. ಹಳೇ ಬ್ಯಾಟರಿ ಒಡೆದ ಸೀಸ ಮಾತ್ರ ಯಾವತ್ತೂ ತರಬೇಡಿ, ಅದರಲ್ಲಿ ಇನ್ನೂ ಕೆಟ್ಟ ವಿಷ ಇರುತ್ತೆ."

ಮೇಲೆ ಕಟ್ಟಿದ ಕಿಟ್ಟವನ್ನು ತಾತ ತೆಗೆದು ಡಬ್ಬಿಗೆ ಹಾಕಿ ಮುಚ್ಚಿದ, ಕೆರೆಗೆ ಎಸೆಯಲಿಲ್ಲ. ಸೀಸ ಬೆಳ್ಳಗೆ ಹರಿದು ಅಚ್ಚು ಸೇರಿತು. ಅಂಚನ್ನು ಅರದಿಂದ ಉಜ್ಜದೆ, ಇಕ್ಕಳದಿಂದ ಕತ್ತರಿಸಿ, ಮೇಲೆ ಬಣ್ಣ ಬಳಿದ. ಎಲ್ಲ ಮುಗಿಯುವವರೆಗೆ ನೀರು ಸಹ ಬಾಯಿಗೆ ಹಾಕಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಗುಬ್ಬಿಯ ಸೀಸ ಇಳಿದಿತ್ತು. ಇನ್ನೂ ಇಳಿಯಬೇಕು. ಮುಂದಿನ ಪರೀಕ್ಷೆಗೂ ಮಗಳು ತಾತನನ್ನೇ ಜೊತೆಗೆ ಕರೆದಳು.

ಒಂದು ರಜೆಯ ದಿನ ಸಂಜೆ ತಾತ ಚಪ್ಪರದಿಂದ ಮನೆಗೆ ಬಂದಾಗ ಗುಬ್ಬಿ ಗೋಡೆ ಹಿಡಿದು ನಿಂತಿದ್ದಳು. ಕೈ ಬಿಟ್ಟು, ತೂರಾಡುತ್ತ, ಅವನ ಕಡೆಗೆ ಹೆಜ್ಜೆಯಿಟ್ಟಳು. ಅವಳು ಒಬ್ಬಳೇ ನಡೆದದ್ದು ಅದೇ ಮೊದಲು. ತಾತನ ಕೈ ತಾನಾಗಿ ಮುಂದೆ ಬಂತು. ಬಂದ ಕೈಯನ್ನು ತಾತ ಹಿಂದಕ್ಕೆ ಎಳೆದುಕೊಂಡ.

"ತಡಿ ಪುಟ್ಟಿ, ಬಂದೆ" ಅಂತ ಹಿತ್ತಲ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡ. ಬಟ್ಟೆ ಕಳಚಿ ಬೇರೆ ಬಕೆಟ್ಟಿಗೆ ಹಾಕಿದ. ಸೋಪು ಹಚ್ಚಿ ಉಗುರುಸಂದಿ ಬಿಡದೆ ತಿಕ್ಕಿ ತೊಳೆದು ತಲೆಗೂ ಸ್ನಾನ ಮಾಡಿದ. ಹೊರಗೆ ಗುಬ್ಬಿ ಅಳುತ್ತ ಬಾಗಿಲು ಬಡಿಯುತ್ತಿದ್ದಳು. ಬಾಗಿಲು ತೆರೆದು, ಒದ್ದೆ ತಲೆಯಲ್ಲೇ ಅವಳನ್ನು ಎತ್ತಿಕೊಂಡ. ಅವಳು ಅಳು ನಿಲ್ಲಿಸಿ ತಾತನ ಬೆರಳು ಹಿಡಿದು ಸೀದಾ ಬಾಯಿಗಿಟ್ಟುಕೊಂಡಳು. ತಾತ ಬಿಡಿಸಿಕೊಳ್ಳಲಿಲ್ಲ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಗಾಳ ಮಾಡುವ ಖುಷಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಸೀಸವನ್ನು ಅಡುಗೆಮನೆಯಿಂದ, ಮಕ್ಕಳಿಂದ, ಬಸುರಿಯರಿಂದ ದೂರ ಇಡಿ. ಹಲ್ಲಲ್ಲಿ ಕಚ್ಚಬೇಡಿ, ಬಾಯಲ್ಲಿ ಊದಬೇಡಿ. ನಿಮ್ಮ ಮನೆಯಲ್ಲಿ ಈಗಾಗಲೇ ಸೀಸ ಕರಗಿಸಿದ್ದರೆ ಹೆದರಿ ಮುಚ್ಚಿಡಬೇಡಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ನಾಳೆಯೇ ಹೋಗಿ. ನಿಮ್ಮ ಕೈಯನ್ನು ನಂಬಿ ಬಾಯಿಗಿಟ್ಟುಕೊಳ್ಳುವ ಮಗುವಿಗೆ ಅದು ಶುಚಿಯೋ ಅಲ್ಲವೋ ತಿಳಿಯುವುದಿಲ್ಲ. ನಿಮಗೆ ತಿಳಿದಿದೆ.