ಸರಿದ ಗೆರೆ

ಕಾದ ರಬ್ಬರಿನ ವಾಸನೆ, ಅಣ್ಣ ಪಂಕ್ಚರಾದ ಟ್ಯೂಬಿಗೆ ತೇಪೆ ಇಟ್ಟು ಕಾಯಿಸುವಾಗ ಬರುತ್ತಿದ್ದದ್ದು, ಫ್ರಾಕಿಗೂ ಜಡೆಗೂ ಅಂಟಿಕೊಂಡು ಶಾಲೆಯವರೆಗೂ ಹಿಂಬಾಲಿಸುತ್ತಿದ್ದದ್ದು — ಈಗೆಲ್ಲಿಂದ ಬಂತು ಎಂದುಕೊಂಡವಳು ತನ್ನ ಉಗುರನ್ನೇ ಮೂಸಿದಳು, ಇಂಜಿನ್ನಿನ ಹಳೇ ಬ್ಯಾಲೆನ್ಸರಿನ ಸಂದಿಯನ್ನು ಕೆರೆದಿದ್ದಳಲ್ಲ, ರಬ್ಬರು ಒಣತೊಗಟೆಯ ಹಾಗೆ ಪುಡಿಯಾಗಿ ಉಗುರೊಳಗೆ ಸೇರಿತ್ತು. ಬೆಂಚಿನ ಮೇಲೆ ಮೂರು ಇವೆ, ಈ ಹಳೆಯದು, ನೋಡಿ ಆರಿಸಿಕೊಳ್ಳಿ ಅಂತ ಅಂಗಡಿಯವನು ಕಳಿಸಿದ ಹೊಸವೆರಡು, ಒಂದನ್ನು ಕ್ರ್ಯಾಂಕಿನ ಮೂತಿಗೆ ಕೂರಿಸಿದರೆ ಅಣ್ಣನ ಕಾರಿನ ಇಂಜಿನ್ ಕೆಲಸ ಮುಗಿದ ಹಾಗೆ, ಮೂರು ವರ್ಷ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಕಾರು. ದೊಡ್ಡದೇ ತಗೊಳ್ಳಿ ಮೇಡಂ, ಅಂಗಡಿಯವನು ಫೋನಿನಲ್ಲಿ, ಒಳಗೆ ಮಂದ ಎಣ್ಣೆ ತುಂಬಿದೆ, ರೇಸಿನವರು ಹಾಕೋದು, ಇಂಜಿನ್ ಮಗು ಥರ ನಿದ್ದೆ ಮಾಡುತ್ತೆ — ನಿದ್ದೆ ಮಾಡೋ ಇಂಜಿನ್ ಯಾರಿಗಪ್ಪಾ ಬೇಕು, ಎಂದಿದ್ದಳು, ಆದರೂ ಕೈ ಅದರ ಮೇಲೇ ಇತ್ತು, ತೂಕ ಜಾಸ್ತಿ, ಬೆಲೆ ಜಾಸ್ತಿ, ತಪ್ಪಿಗೆ ಸರಿತೂಗುವಂಥದ್ದು, ತರಕಾರಿ ತರೋಕೆ ಆಸ್ಪತ್ರೆಗೆ ಹೋಗೋಕೆ ಓಡುವ ಕಾರಿಗೆ ರೇಸಿನ ಸಾಮಾನು, ಹುಚ್ಚು. ಏಟು ತಿನ್ನೋದೇ ಈ ಬ್ಯಾಲೆನ್ಸರಿನ ಕೆಲಸ ಕಣೇ, ಅಣ್ಣ ಹೇಳಿಕೊಟ್ಟದ್ದು, ಒಳಗೊಂದು ಚಕ್ರ, ಹೊರಗೊಂದು ಬಳೆ, ನಡುವೆ ರಬ್ಬರಿನ ಪಟ್ಟಿ, ಪಿಸ್ಟನ್ ಗುದ್ದಿದಾಗೆಲ್ಲ ಕ್ರ್ಯಾಂಕು ನಡುಗುತ್ತೆ, ಆ ನಡುಕಾನ ಇದು ನುಂಗಿಕೊಳ್ಳುತ್ತೆ, ಇಲ್ಲದಿದ್ರೆ ಉಕ್ಕೂ ಒಂದಿನ ಕಡ್ಡಿ ಥರ ಮುರಿಯುತ್ತೆ — ನುಂಗಿಕೊಂಡೇ ಇತ್ತು, ಯಾರಿಗೂ ಹೇಳದೆ.

ಬಳೆಯ ಮೇಲಿನ ಆ ಗೆರೆ, ಕಾರು ನಿಲ್ಲುವ ಮುಂಚೆ ಅವಳೇ ಬಳಪದಲ್ಲಿ ಬೆಳ್ಳಗೆ ತಿದ್ದಿದ್ದು, ಲೈಟು ಹಿಡಿದು ಅಂಕಿಗೆ ಸರಿಯಾಗಿ ನಿಲ್ಲಿಸಿ ಕಿಡಿ ಹಾರುವ ಟೈಮಿಂಗ್ ಕೂರಿಸಿದ್ದು, ಅಣ್ಣ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದ್ದ, ಬೇಡ ಕಣೇ, ಕಿಡಿ ಬೇಗ ಹೊಡೀತಿದೆ, ಒಳಗೆ ಯಾರೋ ಹಲ್ಲು ಕಡೀತಿದಾರೆ. ಗೆರೆ ನೋಡಣ್ಣಾ, ಸರಿಯಾಗೇ ನಿಂತಿದೆ. ಗೆರೆಗೇನು ಕಿವಿ ಇದೆಯಾ? ಟೀ ಕುಡಿಯುತ್ತಿದ್ದ ಟ್ಯಾಕ್ಸಿಯವನು, ಯಜಮಾನರ ಕಿವೀನೂ ಒಂದ್ಸಲ ಸರ್ವಿಸ್ ಮಾಡ್ಸಮ್ಮಾ, ಫಿಲ್ಟರು ಕಟ್ಕೊಂಡಿದೆ — ಅಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ಅಣ್ಣ ಸ್ಕ್ರೂಡ್ರೈವರನ್ನು ಒರೆಸಿ ಗೋಡೆಗೆ ನೇತುಹಾಕಿದ, ಇರಬಹುದು ಕಣೇ, ವಯಸ್ಸಾಯ್ತು. ನಾಲ್ಕನೇ ತಿಂಗಳಿಗೆ ಪಿಸ್ಟನ್ ತೂತುಬಿದ್ದು ಕಾರು ನಿಂತಾಗ, ಮಾಲೇ ಕಳಪೆ ಎಂದಳು, ಅವನು ಹೂಂ ಎಂದ, ಅಷ್ಟೇ, ಆಮೇಲೆ ಶೆಡ್ಡಿನೊಳಗೆ ಬರಲಿಲ್ಲ. ಈಗ ನಿಜಕ್ಕೂ ಕೇಳಿಸುವುದಿಲ್ಲ, ಹೋದ ವರ್ಷ ಬಲಗಿವಿ, ಈ ವರ್ಷ ಎಡಗಿವಿ. ಅಡುಗೆ ಮಾಡುತ್ತಾನೆ, ಹನ್ನೆರಡೂವರೆಗೆ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟು ಹೋಗುತ್ತಾನೆ, ಅವಳ ಅಂಗೈ ಸುಡದಿರಲಿ ಅಂತ ಬಟ್ಟೆ ಸುತ್ತಿರುತ್ತಾನೆ, ಒಂದು ದಿನವೂ ಮರೆತದ್ದಿಲ್ಲ.

ಇವತ್ತು ಬೆಳಿಗ್ಗೆ ಹಳೆಯದನ್ನೂ ಹೊಸ ಚಿಕ್ಕದನ್ನೂ ಅಕ್ಕಪಕ್ಕ ಇಟ್ಟಳು, ಒಂದೇ ಅಳತೆಯವು, ಕ್ರ್ಯಾಂಕಿಗೆ ಕೂರುವ ಒಳಚಕ್ರದ ಕಚ್ಚು ಎರಡರಲ್ಲೂ ನೆಟ್ಟಗೆ ಮೇಲಕ್ಕೆ, ಎರಡೂ ಬಳೆಗಳ ಗೆರೆಗೆ ಬಳಪ ಹಚ್ಚಿದಳು, ಒಂದೇ ಕಡೆ ಇರಬೇಕಲ್ಲ — ಇಲ್ಲ, ಹಳೆಯದರದ್ದು ಎರಡು ಬೆರಳು ಆಚೆ. ರಬ್ಬರು ಎಂದೋ ಸೋತಿದೆ, ಬಳೆ ಜಾರಿದೆ, ಜೊತೆಗೆ ಗೆರೆಯೂ, ಅವಳು ಗೆರೆಯನ್ನು ನಂಬಿದಳು, ಅಣ್ಣ ಅವಳನ್ನು ನಂಬಿದ, ತನ್ನ ಕಿವಿಯನ್ನಲ್ಲ. ಗುಜರಿಗೆ ಎಸೆದರೆ ಯಾರಿಗೆ ಗೊತ್ತಾಗುತ್ತೆ, ಯಾರೂ ಕೇಳುವುದಿಲ್ಲ, ಹೇಳಿದರೂ ಅವನಿಗೆ ಕೇಳಿಸುವುದಿಲ್ಲ, ಚೀಟಿ ಬರೆಯಲೇ, ಏನಂತ, ನೀನೇ ಸರಿ ಅಂತಲೇ — ಹೊಸ್ತಿಲಲ್ಲಿ ಚಪ್ಪಲಿ ಸದ್ದು. ಅಣ್ಣಾ ಎಂದಳು, ಅವನು ಡಬ್ಬಿ ಇಡಲು ಬಗ್ಗುತ್ತಿದ್ದ, ಓಡಿಹೋಗಿ ತೋಳು ಹಿಡಿದಳು, ಡಬ್ಬಿಯ ಸಮೇತ ಎಳೆದುಕೊಂಡೇ ಬಂದಳು ಬೆಂಚಿನವರೆಗೆ, ಕಚ್ಚನ್ನು ಮುಟ್ಟಿ ತೋರಿಸಿದಳು, ಇದು, ಇದೂ, ಆಮೇಲೆ ಗೆರೆ, ಆಮೇಲೆ ಆ ಗೆರೆ. ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಗೆರೆ ಇರಬೇಕಾದ ಜಾಗಕ್ಕೂ ಇದ್ದ ಜಾಗಕ್ಕೂ ನಡುವೆ ಎರಡು ಬೆರಳು ಇಟ್ಟು ಅಳೆದ, ಸರಿಯಾಗಿ ಹಿಡಿಸಿದವು. ನಾನು ನಕ್ಕೆನಲ್ಲ ಅಣ್ಣಾ, ಅವತ್ತು, ನಾನೂ ನಕ್ಕೆನಲ್ಲ — ಅವನು ಅವಳ ತುಟಿ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ, ದೊಡ್ಡದನ್ನು ಮೊಣಕೈಯಿಂದ ಆಚೆ ತಳ್ಳಿ ಚಿಕ್ಕದನ್ನು ಅವಳ ಮುಂದಕ್ಕೆ ಸರಿಸಿದ, ಗೋಡೆಯ ಸ್ಕ್ರೂಡ್ರೈವರ್ ಗೋಡೆಯಲ್ಲೇ ಇತ್ತು, ಅವಳ ಎರಡೂ ಕೈ ಹಿಡಿದು ಬಿಡಿಸಿ ಡಬ್ಬಿಯನ್ನು ಅವುಗಳಲ್ಲಿಟ್ಟ, ಹೋದ, ಇನ್ನೂ ಬಿಸಿ, ಬಟ್ಟೆಯ ಮೇಲೆ ಅವನ ಬೆರಳಿಂದ ಹತ್ತಿದ ಬಳಪ, ಬಿಳಿ ಗೆರೆ, ಎರಡು ಬೆರಳು ಆಚೆ, ಬಿಳಿ ಗೆರೆ