ಕುಂಕುಮವಿಟ್ಟ ತೂತು

ಗೋಡೆಗೆ ತೂತು ಕೊರೆಯುವುದು ಯಾವ ಕತ್ತೆಗೂ ಬರುತ್ತದೆ, ಅದನ್ನು ಮುಚ್ಚುವವನೇ ಎಂಜಿನಿಯರು ಎಂಬುದು ಗುರುಕಿರಣನ ಸಿದ್ಧಾಂತ. ಸ್ಯಾನ್ ಹೋಸೆಯ ಆಫೀಸಿನಲ್ಲಿ ಅವನ ಕೆಲಸವೂ ಅದೇ. ಬೆಂಕಿ ತಡೆಯಬೇಕಾದ ಗೋಡೆಯಲ್ಲಿ ಯಾರಾದರೂ ಪೈಪಿಗೆಂದು ತೂತು ಮಾಡಿದರೆ, ಸುತ್ತಲಿನ ಸಂದಿಗೆ ಕೆಂಪು ಪುಟ್ಟಿ ತುಂಬಬೇಕು. ಬೆಂಕಿ ತಾಗಿದರೆ ಆ ಪುಟ್ಟಿ ಉಬ್ಬಿ ತೂತಿನ ಬಾಯಿ ಮುಚ್ಚುತ್ತದೆ. ತುಂಬದವರ ಜನ್ಮ ಜಾಲಾಡುತ್ತಿದ್ದ. ಅವನನ್ನು ಕಂಡರೆ ಕಂಟ್ರಾಕ್ಟರುಗಳು ಜೇಬಿನ ತೂತನ್ನೂ ಕೈಯಿಂದ ಮುಚ್ಚಿಕೊಳ್ಳುತ್ತಿದ್ದರು.

ಇಂಥವನು ಅದೇ ಊರಿನ ಎವರ್‌ಗ್ರೀನ್ ಬಡಾವಣೆಯ ತನ್ನ ಮನೆಯಲ್ಲಿ, ಗ್ಯಾರೇಜಿಗೆ ಅಂಟಿಕೊಂಡಂತೆ, ಬಾಗಲಕೋಟೆಯಿಂದ ಬಂದ ಅವ್ವ ನೀಲವ್ವನಿಗೊಂದು ಕೋಣೆ ಕಟ್ಟಿಸಿದ. ಭಾನುವಾರ ಗೃಹಪ್ರವೇಶ. ಲಿವರ್‌ಮೋರಿನ ಗುಡಿಯಿಂದ ಪೂಜೆಗೆ ಅಯ್ಯನವರು ಬರುವವರಿದ್ದರು, ಅರ್ಧ ಊರಿಗೆ ಊಟಕ್ಕೆ ಹೇಳಿಯಾಗಿತ್ತು. ಶುಕ್ರವಾರ ನಗರಸಭೆಯ ಇನ್‌ಸ್ಪೆಕ್ಟರ್ ಡೆನಿಸ್ ಬಂದು ಸಹಿ ಹಾಕದಿದ್ದರೆ ಕೋಣೆಗೆ ಕಾಲಿಡುವಂತಿಲ್ಲ. ಅವನು ಮತ್ತೆ ಬರುವುದು ಮುಂದಿನ ತಿಂಗಳೇ.

ಡೆನಿಸ್ ಗ್ಯಾರೇಜಿಗೆ ಕಾಲಿಟ್ಟಾಗಲೇ ಗುರುಕಿರಣನಿಗೆ ನೆನಪಾದದ್ದು: ಏಸಿ ಪೈಪಿಗೆಂದು ತಾನೇ ಕೊರೆದ ಕೊನೆಯ ತೂತಿಗೆ ಪುಟ್ಟಿ ಹಾಕಿಲ್ಲ. ಆದರೆ ಗೋಡೆ ನೋಡಿದರೆ ಪೈಪಿನ ಸುತ್ತ ಕೆಂಪಗೆ, ದುಂಡಗೆ, ಕಚ್ಚಿ ಕೂತ ಹಾಗೆ ತುಂಬಿದೆ. ಹೆಂಡತಿ ಆರತಿಯೇ ತುಂಬಿರಬೇಕು, ಎಷ್ಟು ಜಾಣೆ ಎಂದು ಉಬ್ಬಿಹೋದ. ಡೆನಿಸ್ ಕೂಡ ಇಷ್ಟು ನಯವಾದ ಕೆಲಸ ನೋಡಿಲ್ಲವೆಂದು ಹೊಗಳಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಅದೇ ಬೆರಳಿನಿಂದ ಹಣೆಯ ಬೆವರು ಒರೆಸಿಕೊಂಡ. ಹುಬ್ಬಿನ ನಡುವೆ ಕೆಂಪು ಬೊಟ್ಟು ಮೂಡಿತು.

ಗುರುಕಿರಣ ಬೊಟ್ಟು ನೋಡಿದ, ಬಗ್ಗಿ ತೂತನ್ನು ಮೂಸಿದ. ತುಪ್ಪದ ವಾಸನೆ.

ಡೆನಿಸ್ ಪೆನ್ನು ತೆಗೆದು, ಇದು ಯಾವ ಕಂಪನಿಯ ಮಾಲು ಎಂದು ಕೇಳಿದ. ಸುಮ್ಮನೆ ಯಾವುದೋ ಹೆಸರು ಹೇಳಿದ್ದರೆ ಭಾನುವಾರ ಹೋಳಿಗೆ ತಿನ್ನಬಹುದಿತ್ತು. ಆದರೆ ವರ್ಷಗಟ್ಟಲೆ ಯಾರ್‍ಯಾರಿಗೆ ಬೈದಿದ್ದನೋ ಆ ಕಂಟ್ರಾಕ್ಟರುಗಳೆಲ್ಲ ಗ್ಯಾರೇಜಿನಲ್ಲಿ ಸಾಲಾಗಿ ಬಂದು ನಿಂತು ಹಲ್ಲು ಕಿರಿದಂತಾಯಿತು. ಇದು ಚಪಾತಿ ಹಿಟ್ಟು ಎಂದು ಒಪ್ಪಿಕೊಂಡುಬಿಟ್ಟ. ಡೆನಿಸ್ ಆ ಕಂಪನಿಯ ಹೆಸರು ಕೇಳಿರಲಿಲ್ಲ. ಅದು ಎಷ್ಟು ಹೊತ್ತು ಬೆಂಕಿ ತಡೆಯುತ್ತದೆ ಎಂದು ವಿಚಾರಿಸಿದ.

"ಅವ್ವಾ, ಇದೇನಿದು?"

ನೀಲವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಇರಿವಿ ಈ ತೂತಿನ್ಯಾಗಿಂದ ಸಾಲ ಹಚ್ಚಿದ್ದೂ ನನ್ನ ಕರದಂಟಿನ ಡಬ್ಬಿಗೆ. ಅದಕ್ಕ ಹಿಟ್ಟು ಮೆತ್ತಿದೆ. ಬರೇ ಹಿಟ್ಟು ಬೋಳ್‌ಬೋಳ ಕಾಣಾಕತ್ತಿತ್ತು, ಕುಂಕುಮ ಹಚ್ಚಿದೆ."

"ತೂತಿಗೆ ಯಾರರ ಕುಂಕುಮ ಹಚ್ತಾರೇನವ್ವಾ?"

"ಇರಿವಿಗೆ ಅದ ಬಾಗಿಲಾ ಅಲ್ಲೇನೋ? ಹೊಸಾ ಬಾಗಿಲಾ, ಪೂಜಿ ಮಾಡಲಾರದ ಬಿಡ್ತಾರೇನು?"

ಗುರುಕಿರಣ ಇದನ್ನೆಲ್ಲ ಇಂಗ್ಲಿಷಿಗೆ ತರುವಷ್ಟರಲ್ಲಿ ಅರ್ಧ ಸಣ್ಣಗಾದ. ಡೆನಿಸ್ ಪೆನ್ನು ಮುಚ್ಚಿದ. ಮಗನ ಮುಖ ಸಪ್ಪಗಾದದ್ದು ಕಂಡು ನೀಲವ್ವ ಒಳಗೆ ಹೋಗಿ ಕರದಂಟಿನ ಡಬ್ಬಿ ತಂದು ಡೆನಿಸನ ಮುಂದೆ ಹಿಡಿದಳು. ಮೊದಲ ತುಣುಕಿನ ಅಂಟು ಅವನ ಎರಡೂ ದವಡೆಗಳನ್ನು ಒಂದುಗೂಡಿಸಿತು. ಬೇಡವೆನ್ನಲು ಬಾಯಿ ಬಿಡಬೇಕಲ್ಲ. ಕೈಸನ್ನೆಯಲ್ಲೇ ಕುರ್ಚಿ ಕೇಳಿ ಕೂತ. ಇದು ಮುಗಿಯುವುದರೊಳಗೆ ನಿಜವಾದ ಪುಟ್ಟಿ ತುಂಬಿದರೆ ನೋಡೋಣ ಎಂಬುದೂ ಕೈಸನ್ನೆಯಲ್ಲೇ ಬಂತು.

ಗುರುಕಿರಣ ಅಂಗಡಿಗೆ ಓಡಿದ, ಪುಟ್ಟಿಯ ಟ್ಯೂಬು ತಂದ, ಹಿಟ್ಟು ಕೆರೆದ. ಡೆನಿಸ್ ಅಗಿಯುತ್ತ ಬೆರಳು ತೋರಿಸಿದಲ್ಲೆಲ್ಲ, ತನ್ನ ಕೈಕೆಳಗಿನವರು ಒತ್ತುವಂತೆಯೇ ಬಗ್ಗಿ ಬಗ್ಗಿ ಪುಟ್ಟಿ ಒತ್ತಿದ. ಮುಗಿಯಿತು ಎನ್ನುವಾಗ ನೀಲವ್ವ ಕರಡಿಗೆಯಿಂದ ಚಿಟಿಕೆ ಕುಂಕುಮ ತೆಗೆದು ಹಸಿ ಪುಟ್ಟಿಯ ಮೇಲೊಂದು ಬೊಟ್ಟಿಟ್ಟಳು. ಗುರುಕಿರಣ ಕಣ್ಣು ಮುಚ್ಚಿಕೊಂಡ. ಬೊಟ್ಟಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲವೆಂದು ಡೆನಿಸ್ ಸಹಿ ಹಾಕಿದ. ಪಕ್ಕದಲ್ಲಿ ಕೆಂಪು ಹೆಬ್ಬೆಟ್ಟೂ ಬಿತ್ತು.

ಇನ್ನೊಂದು ಮನೆಯ ತಪಾಸಣೆಗೆ ಹೊರಟವನಿಗೆ ಹಣೆಯ ಬೊಟ್ಟಿನ ವಿಷಯ ಹೇಳಲು ಗುರುಕಿರಣ ಬಾಯಿ ತೆರೆದ. ಅವ್ವ ರಟ್ಟೆ ಹಿಡಿದಳು.

"ಸುಮ್ನಿರೋ. ಈಗ ಮನಷ್ಯಾ ಮನಷ್ಯಾನಂಗ ಕಾಣಾಕತ್ತಾನ."

ಸಂಜೆ ಇರುವೆಗಳು ಹೊಸ ಕೋಣೆಯ ಬಾಗಿಲ ಕೆಳಗಿನ ಸಂದಿಯಿಂದ ಸಾಲಾಗಿ ಬಂದವು. ಅಡುಗೆಮನೆಯಲ್ಲಿ ಹಿಟ್ಟು ಕಲಸುವ ಸದ್ದು ಕೇಳಿ ಗುರುಕಿರಣ ಓಡಿಹೋಗಿ ಆ ಬಾಗಿಲಿಗೆ ಅಡ್ಡ ನಿಂತ.